ಡಾಕ್ಟರೇಟ್ ನಂತರದ ಸಂಶೋಧನೆ ಕಾರವಾರದಲ್ಲೂ ಸಾಧ್ಯ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಉದ್ಯೋಗ ಪುಟಗಳಲ್ಲಿ ಬ್ಯಾಂಕ್, ರೈಲ್ವೆ, ಪೊಲೀಸ್ ನೇಮಕಾತಿಯ ವಿವರ ತಪ್ಪದೆ ಬರುತ್ತದೆ. ಗಣಿತ, ಭೌತಶಾಸ್ತ್ರ ಅಥವಾ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ ಮುಗಿಸಿದವರು ಮುಂದೇನು ಮಾಡಬಹುದೆಂದು ತಿಳಿಸುವ ಬರಹ ಮಾತ್ರ ಅಪರೂಪ. ಹೀಗಾಗಿ ನಮ್ಮ ಜಿಲ್ಲೆಯಿಂದ ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ಡಾಕ್ಟರೇಟ್ ಪಡೆದು ಬಂದವರು ಅತಿಥಿ ಉಪನ್ಯಾಸಕರ ಪಟ್ಟಿಗೆ ಕಾಯುತ್ತಾರೆ, ಇಲ್ಲವೇ ಸಾಫ್ಟ್‌ವೇರ್ ಕಂಪನಿ ಸೇರುತ್ತಾರೆ. ಬೇರೆ ದಾರಿ ಇದೆಯೆಂದು ತಿಳಿದೂ ಹಾಗೆ ಮಾಡಿದರೆ ಅದು ಅವರವರ ಇಷ್ಟ.

ಕೇಂದ್ರದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಪಿಎಚ್.ಡಿ ನಂತರದ ಸಂಶೋಧನೆಗೆಂದು ನೀಡುವ ನ್ಯಾಷನಲ್ ಪೋಸ್ಟ್ ಡಾಕ್ಟರಲ್ ಫೆಲೊಶಿಪ್ ಅಂಥದೊಂದು ದಾರಿ. ಇದರ ಅವಧಿ 2 ವರ್ಷ. ವಯೋಮಿತಿ ಸಾಮಾನ್ಯವಾಗಿ 35. ಮಹಿಳೆಯರಿಗೂ ಮೀಸಲು ವರ್ಗದವರಿಗೂ ಸಡಿಲಿಕೆಯಿದೆ. ಪ್ರಬಂಧ ಸಲ್ಲಿಸಿ ಪದವಿಗೆ ಕಾಯುತ್ತಿರುವವರೂ ಅರ್ಜಿ ಹಾಕಬಹುದು. ಮಾನ್ಯತೆ ಪಡೆದ ಸಂಸ್ಥೆಯೊಂದರ ಕಾಯಂ ಅಧ್ಯಾಪಕರು ಮಾರ್ಗದರ್ಶಕರಾಗಲು ಒಪ್ಪಬೇಕು. ನಮ್ಮವರು ಎಡವುವುದು ಇಲ್ಲೇ ಎಂಬುದು ನನ್ನ ಅನಿಸಿಕೆ.

ಪ್ರಯೋಗಾಲಯ ಬೇಡುವ ವಿಷಯಗಳಿಗೆ ದೊಡ್ಡ ಊರೇ ಬೇಕಾದೀತು. ಕಂಪ್ಯೂಟರ್ ಲೆಕ್ಕದಿಂದಲೇ ವಿಜ್ಞಾನದ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕಂಪ್ಯುಟೇಶನಲ್ ವಿಜ್ಞಾನಕ್ಕೆ ಮತ್ತು ಅಲ್ಗಾರಿದಂ, ಅಂದರೆ ಲೆಕ್ಕ ಬಿಡಿಸುವ ಕ್ರಮದ ರಚನೆಗೆ ಹಾಗಿಲ್ಲ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿಸಿರುವ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರಿನ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕ. ಇಂಥ ಯಂತ್ರಗಳಲ್ಲಿ ಖಾತೆ ಸಿಕ್ಕರೆ ಕೆಲಸವನ್ನು ದೂರದಿಂದಲೇ ಮಾಡಬಹುದು. ಮಳೆಗಾಲದಲ್ಲಿ ನಮ್ಮ ಕರೆಂಟು, ನೆಟ್‌ವರ್ಕ್ ಕೈಕೊಡದಿದ್ದರೆ ಸಾಕು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನೂ ಜನರನ್ನೂ ಗಂಗಾವಳಿಯತ್ತ ತಳ್ಳಿದ್ದನ್ನು ನಾವಾರೂ ಮರೆತಿಲ್ಲ. ಅಂಥ ಇಳಿಜಾರಿನೊಳಗೆ ಮಳೆನೀರು ಹೇಗೆ ಇಂಗುತ್ತದೆ, ಮಣ್ಣಿನ ಹಿಡಿತ ಎಲ್ಲಿ ಸಡಿಲವಾಗುತ್ತದೆ ಎಂದು ಲೆಕ್ಕ ಹಾಕಲು ಗುಡ್ಡವನ್ನು ಲಕ್ಷಾಂತರ ಪುಟ್ಟ ಘನಾಕಾರದ ತುಂಡುಗಳಾಗಿ ಒಡೆದು ಪ್ರತಿಯೊಂದರಲ್ಲೂ ಸಮೀಕರಣ ಬಿಡಿಸಬೇಕು. ತುಂಡಿನ ಪ್ರತಿ ಬದಿಯ ಅಳತೆಯನ್ನು ಅರ್ಧಕ್ಕಿಳಿಸಿದರೆ ಅವುಗಳ ಸಂಖ್ಯೆ 8 ಪಟ್ಟಾಗುತ್ತದೆ. ಸರಳ ವಿಧಾನದಲ್ಲಿ ಕಾಲದ ಹೆಜ್ಜೆಯನ್ನೂ (ಒಂದು ಲೆಕ್ಕಕ್ಕೂ ಮುಂದಿನದಕ್ಕೂ ನಡುವಿನ ಸಮಯದ ಅಂತರ) ಕಾಲು ಭಾಗಕ್ಕೆ ಕುಗ್ಗಿಸಬೇಕಾದ್ದರಿಂದ ಒಟ್ಟು ಕೆಲಸ 32 ಪಟ್ಟಾಗುತ್ತದೆ. ಹೀಗೆ ಬೆಳೆಯುವ ಲೆಕ್ಕವನ್ನು ದೊಡ್ಡ ಯಂತ್ರವೊಂದರಿಂದಲೇ ನಿಭಾಯಿಸಲಾಗದು. ದೊಡ್ಡ ತುಂಡುಗಳ ಒರಟು ಜಾಲ, ಪುಟ್ಟ ತುಂಡುಗಳ ಸೂಕ್ಷ್ಮ ಜಾಲಗಳ ನಡುವೆ ಉತ್ತರವನ್ನು ತಿದ್ದುತ್ತ ಸಾಗುವ ಮಲ್ಟಿಗ್ರಿಡ್‌ನಂಥ ಅಲ್ಗಾರಿದಂ ಬೇಕಾಗುವುದು ಇಂಥಲ್ಲಿ. ಎರಡು ವರ್ಷ ಇದರಲ್ಲೇ ಮುಳುಗಿರಲು ಪಾಠ ಮಾಡುವ ಹೊರೆಯಿಲ್ಲದ ಪಿಎಚ್.ಡಿ ಪದವೀಧರರೇ ಸೂಕ್ತ, ಮತ್ತು ಆ ಗುಡ್ಡಗಳನ್ನು ಹತ್ತಿ ಬಲ್ಲವರಾದರೆ ಇನ್ನೂ ಒಳ್ಳೆಯದು.

ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಇಲ್ಲಿನ ಕಾಯಂ ಅಧ್ಯಾಪಕರಲ್ಲಿ ಮಾರ್ಗದರ್ಶಕರಾಗಲು ಸಿದ್ಧರಿರುವವರ ಹೆಸರು ಮತ್ತು ವಿಷಯಗಳನ್ನು ಆಯಾ ಸಂಸ್ಥೆಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಲಿ. ಫೆಲೊಶಿಪ್‌ಗೆ ಅರ್ಜಿ ಕರೆದಾಗ ಕೊನೆಯ ದಿನಾಂಕಕ್ಕೆ ಸಾಕಷ್ಟು ಮುಂಚೆಯೇ ತಮ್ಮ ಪತ್ರಿಕೆಯ ಉದ್ಯೋಗ ಪುಟದಲ್ಲೂ ಅದಕ್ಕೆ ನಾಲ್ಕು ಸಾಲು ಮೀಸಲಿಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಗಣಿತ ಉಪನ್ಯಾಸಕ, ಶಿರಸಿ