ಚೀನಾದಲ್ಲಿ ಭಾಷೆ ಪೇಪರ್ ಅಂದ್ರೆ ತಮಾಷೆ ಅಲ್ಲ

ಸಂಪಾದಕರೇ,

ಚೀನಾ ಮಕ್ಕಳು ಅಂದ ಕೂಡ್ಲೇ ನಮ್ಮೋರಿಗೆ ಗಣಿತ, ಒಲಿಂಪಿಯಾಡ್ ಅಷ್ಟೇ ನೆನಪಾಗೋದು, ಆದ್ರೆ ಅಲ್ಲಿ ಯೂನಿವರ್ಸಿಟಿ ಸೇರೋಕೆ ಬರೆಯೋ ಗಾವೋಕಾವ್ ಪರೀಕ್ಷೇಲಿ ಮೊದಲನೇ ದಿನ ಬೆಳಿಗ್ಗೆ ಬರೋದೇ ಚೀನೀ ಭಾಷೆ ಪೇಪರ್, 150 ಮಾರ್ಕ್ಸ್, ಗಣಿತಕ್ಕೂ ಅಷ್ಟೇ, ವಿದೇಶಿ ಭಾಷೆಗೂ ಅಷ್ಟೇ. ಇಂಜಿನಿಯರ್ ಆಗೋನೂ ತಪ್ಪಿಸ್ಕೊಳ್ಳೋ ಹಾಗಿಲ್ಲ. ಹೆಚ್ಚಿನ ಪ್ರಾಂತ್ಯಗಳಲ್ಲಿ ಪ್ರಬಂಧ ಒಂದಕ್ಕೇ 60 ಮಾರ್ಕ್ಸ್, ಕನಿಷ್ಠ 800 ಅಕ್ಷರ, ಚೌಕ ಹಾಕಿರೋ ಹಾಳೇಲಿ ಮನೆಗೊಂದು ಅಕ್ಷರದ ಹಾಗೆ ತುಂಬಿಸ್ಬೇಕು. ಲೀ ಬಾಯ್, ದೂ ಫೂ ಅವರ ಸಾವಿರದ ಮುನ್ನೂರು ವರ್ಷ ಹಿಂದಿನ ಪದ್ಯಗಳ ಬಾಯಿಪಾಠ ಪ್ರೈಮರಿಯಿಂದ್ಲೇ ಶುರು, ಪರೀಕ್ಷೇಲಿ ಹಳೇ ಪದ್ಯದ ಸಾಲು ಖಾಲಿ ಬಿಟ್ಟಿರ್ತಾರೆ, ಒಂದಕ್ಷರ ತಪ್ಪಿದ್ರೂ ಆ ಸಾಲಿನ ಮಾರ್ಕ್ಸ್ ಹೋಯ್ತು. (ನಮ್ಮಲ್ಲಿ ಪಂಪ ಅಂದ್ರೆ ಮಕ್ಕಳು ಗೈಡ್ ಹುಡುಕ್ತಾರೆ ಬಿಡಿ.)

ಆದ್ರೆ ಇದನ್ನ ಪೂರ್ತಿ ಹೊಗಳೋಕೂ ನನಗೆ ಮನಸ್ಸಿಲ್ಲ. 2020ರಲ್ಲಿ ಚೀನಾದ್ದೇ ಭಾಗವಾದ ಒಳ ಮಂಗೋಲಿಯಾದ ಮಂಗೋಲಿಯನ್ ಮೀಡಿಯಂ ಶಾಲೆಗಳಲ್ಲಿ ಭಾಷೆ, ರಾಜಕೀಯ, ಇತಿಹಾಸದ ಪಾಠಾನ ಚೀನೀ ಭಾಷೆಗೆ ಬದಲಾಯಿಸೋಕೆ ಹೊರಟಾಗ ಅಪ್ಪ ಅಮ್ಮಂದಿರು ಮಕ್ಕಳನ್ನ ಶಾಲೆಗೇ ಕಳಿಸ್ದೆ ಪ್ರತಿಭಟನೆ ಮಾಡಿದ್ರು. ಚೀನಾ ಮಾದರಿ ಅಂತ ಲೇಖನ ಬರೆಯೋರು ಇದನ್ನೂ ಸ್ವಲ್ಪ ಬರೀಲಿ.

– ಒಬ್ಬ ಓದುಗ, ಧಾರವಾಡ