ಅಪ್ಪ ಅತ್ತ ಸಿನಿಮಾ

ದಾವಣಗೆರೆ

ಪ್ರೀತಿಯ ತಮ್ಮಾ,

ಚಿತ್ರದುರ್ಗದಿಂದ ನೀನು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಒಬ್ಬ ಅಪ್ಪ ಮಗನ ಜೊತೆ ಸಿನಿಮಾಕ್ಕೆ ಹೋಗುತ್ತಾನೆ, ಕೊನೆಗೆ ಅಳುತ್ತಾನೆ. ವಿಷಯ ತುಂಬಾ ಒಳ್ಳೆಯದು. ಆದರೆ ನಿನ್ನ ಅಪ್ಪ ಒಂದೂವರೆ ಪುಟ ಅಳುತ್ತಾನೆ. ಬಿಕ್ಕುತ್ತಾನೆ, ಉಮ್ಮಳಿಸುತ್ತಾನೆ, ಕೆನ್ನೆ ಮೇಲೆ ಧಾರಾಕಾರ ಕಣ್ಣೀರು. ಓದುತ್ತಿದ್ದ ನನ್ನ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ಯಾಕೆ ಅಂತ ಎರಡು ದಿನ ಯೋಚನೆ ಮಾಡಿದೆ. ಆಗ ನನ್ನ ಅಪ್ಪ ನೆನಪಾದರು.

ಅಪ್ಪ ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. 1971ರಲ್ಲಿ ‘ಕಸ್ತೂರಿ ನಿವಾಸ’ ಬಂದಾಗ ಅವರಿಗಿನ್ನೂ ಮದುವೆಯಾಗಿರಲಿಲ್ಲ. ಪಾಳಿ ಮುಗಿಸಿ, ತಲೆ ಮೇಲಿನ ಹತ್ತಿ ಕೊಡವಿಕೊಂಡು, ಗೆಳೆಯರ ಜೊತೆ ಗಾಂಧಿ ಕ್ಲಾಸಿನಲ್ಲಿ ಕೂತು ನೋಡಿದ್ದರಂತೆ. ಹೇಗಿತ್ತು ಅಂತ ಕೇಳಿದರೆ ಹಾಡಿನ ಬಗ್ಗೆಯೇ ಹೇಳುತ್ತಿದ್ದರು. ಪಿ.ಬಿ. ಶ್ರೀನಿವಾಸ್ ಹಾಡಿದ ‘ಆಡಿಸಿ ನೋಡು ಬೀಳಿಸಿ ನೋಡು’ ಅವರ ಬಾಯಲ್ಲಿ ಸದಾ ಇರುತ್ತಿತ್ತು. ಸಿನಿಮಾ ನೋಡಿ ಅತ್ತೆ ಅಂತ ಯಾವತ್ತೂ ಹೇಳಲಿಲ್ಲ. ಆ ವಯಸ್ಸಿನಲ್ಲಿ ಅತ್ತೂ ಇರಲಿಕ್ಕಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಅವರ ಗಿರಣಿ ಬಾಗಿಲು ಹಾಕಿತು. ಬರಬೇಕಾದ ಹಣ ಪೂರ್ತಿ ಬರಲೇ ಇಲ್ಲ. ಆಗಲೂ ಅಪ್ಪ ಅಳಲಿಲ್ಲ. ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು, ಅದೇ ಅಂಗಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದರು. ಎಲ್ಲಿಗೆ ಅಂತ ಅವ್ವ ಕೇಳುತ್ತಿರಲಿಲ್ಲ. ಆ ವರ್ಷ ಯುಗಾದಿಗೆ ನಾನು ಒಂದು ಪ್ಯಾಂಟ್ ಕೇಳಿದೆ. ಅಪ್ಪ ಜೇಬಿಗೆ ಕೈ ಹಾಕಿದರು. ಹಾಕಿದ ಕೈ ಹೊರಗೆ ಬರಲಿಲ್ಲ. ಸುಮ್ನೆ ಹಾಗೇ ನಿಂತಿದ್ದರು. ನಾನು ಸಿಟ್ಟಿನಲ್ಲಿ ಹೊರಗೆ ಹೋದೆ.

2014ರಲ್ಲಿ ಅದೇ ಸಿನಿಮಾಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಅಪ್ಪನನ್ನು ಕರೆದುಕೊಂಡು ಹೋದೆ. ಕಥೆ ನಿನಗೆ ಗೊತ್ತಿರಬಹುದು. ಕೊಟ್ಟೇ ಅಭ್ಯಾಸವಿದ್ದ ಮನುಷ್ಯ ಎಲ್ಲವನ್ನೂ ಕಳೆದುಕೊಂಡಿದ್ದಾನೆ. ಮನೆಗೆ ಬಂದವಳಿಗೆ ಊಟ ಹಾಕಬೇಕು, ಕೈಯಲ್ಲಿ ಕಾಸಿಲ್ಲ. ಉಳಿದಿದ್ದ ಪಾರಿವಾಳವನ್ನೇ ಮಾರಿ ಊಟ ಬಡಿಸುತ್ತಾನೆ. ಅವಳು ಬಂದಿರುವುದು ತನ್ನ ಮಗುವಿಗೋಸ್ಕರ ಆ ಪಾರಿವಾಳವನ್ನೇ ಕೇಳಲು.

ಅವಳು ಬಾಯಿಬಿಟ್ಟು ಕೇಳಿದ ಕೂಡಲೇ ಅಪ್ಪ ಕೆಳಗೆ ಬಗ್ಗಿದರು. ಸೀಟಿನ ಕೆಳಗೆ ಚಪ್ಪಲಿ ಹುಡುಕತೊಡಗಿದರು. ಚಪ್ಪಲಿ ಕಾಲಲ್ಲೇ ಇತ್ತು. ಲೈಟ್ ಹಾಕುವವರೆಗೂ ಹುಡುಕಿದರು. ನಾನು ಪರದೆ ಕಡೆಯೇ ನೋಡುತ್ತಾ ಕೂತೆ.

ಹೊರಗೆ ಬಂದಮೇಲೆ, ‘ಏನಿಲ್ಲ ಬಿಡು, ಫ್ಯಾನ್ ಗಾಳಿಗೆ ಮೂಗು ಕಟ್ಟೈತೆ’ ಅಂದರು. ಆಮೇಲೆ ಮಂಡಕ್ಕಿ, ಮಿರ್ಚಿ ತಿನ್ನಾಣ ಬಾ ಅಂತ ಅಂಗಡಿಗೆ ಕರೆದುಕೊಂಡು ಹೋದರು. ನಾನು ದುಡ್ಡು ತೆಗೆಯಲು ಹೋದರೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ‘ನಾನು ಕೊಡ್ತೀನಿ’ ಅಂದರು. ಮೊಮ್ಮಕ್ಕಳಿಗೂ ಕಟ್ಟಿಸಿದರು. ಬೇಕಾದ್ದಕ್ಕಿಂತ ಜಾಸ್ತಿ ಕಟ್ಟಿಸಿದರು.

ಯುಗಾದಿಯ ಆ ಬೆಳಿಗ್ಗೆ ನನಗೆ ನೆನಪಾಗಿದ್ದು ಆಗ. ಸಿನಿಮಾ 43 ವರ್ಷ ಹಳೆಯದು. ದೃಶ್ಯ ಅದೇ, ಮಾತು ಅದೇ, ಹಾಡೂ ಅದೇ. ನೋಡುವ ಮನುಷ್ಯ ಮಾತ್ರ ಈ ನಡುವೆ ಒಂದು ಖಾಲಿ ಜೇಬನ್ನು ದಾಟಿ ಬಂದಿದ್ದ.

ತಮ್ಮಾ, ನಿನ್ನ ಕಥೆಯ ಅಪ್ಪ ಥಿಯೇಟರಿಗೆ ಏನು ಹೊತ್ತು ತಂದಿದ್ದಾನೆ ಅಂತ ನನಗೆ ಗೊತ್ತಾಗಲಿಲ್ಲ. ಪರದೆ ಮೇಲಿನದ್ದನ್ನೆಲ್ಲ ಚೆನ್ನಾಗಿ ಬರೆದಿದ್ದೀಯ. ಅವನು ಮನೆಯಿಂದ ತಂದದ್ದನ್ನು ಬರೆದಿಲ್ಲ. 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ‘777 ಚಾರ್ಲಿ’ ನೋಡಿ ಕ್ಯಾಮೆರಾಗಳ ಮುಂದೆಯೇ ಕಣ್ಣೊರೆಸಿಕೊಂಡರಲ್ಲ, ಹಿಂದಿನ ವರ್ಷ ಅವರ ಮನೆಯ ನಾಯಿ ಸತ್ತಿತ್ತು. ಸಿನಿಮಾದ ನಾಯಿಗೆ ಎಷ್ಟು ಅತ್ತರು, ಮನೆಯ ನಾಯಿಗೆ ಎಷ್ಟು ಅತ್ತರು, ಹೇಗೆ ಬೇರೆ ಮಾಡುತ್ತೀಯ?

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಅಂತ ಗಾದೆ ಮಾಡಿದ್ದಾರೆ ನಮ್ಮವರು. ಈ ಗಾದೆ ಇಬ್ಬರಿಗೂ ಅನ್ಯಾಯ ಮಾಡಿದೆ ಅಂತ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ಸಾವಿನ ಮನೆಯಲ್ಲಿ ಗಂಡಸಿಗೆ ಅಳಲು ಬಿಡುವಿಲ್ಲ. ಅವನು ಸೌದೆ ನೋಡಬೇಕು, ನೆಂಟರಿಗೆ ಫೋನ್ ಮಾಡಬೇಕು, ದುಡ್ಡು ಹೊಂದಿಸಬೇಕು. ಹಾಗೆ ಉಳಿದುಹೋದ ಅಳು ಎಲ್ಲಿಗೆ ಹೋಗುತ್ತದೆ? ಥಿಯೇಟರಿನಲ್ಲಿ ಕತ್ತಲಿದೆ, ಅಕ್ಕಪಕ್ಕದವರು ಮುಂದೆ ನೋಡುತ್ತಿರುತ್ತಾರೆ, ಕೇಳಿದರೆ ಹೇಳಲು ಸಿನಿಮಾ ಅನ್ನುವ ಕಾರಣವೂ ಇದೆ. ಅದಕ್ಕೇ ನಿನ್ನ ಕಥೆಯಲ್ಲಿ ಹಿಂದಿನ ಸಾಲಿನ ಹುಡುಗರು ಅಪ್ಪನನ್ನು ನೋಡಿ ನಗುವ ಸಾಲನ್ನು ದಯವಿಟ್ಟು ತೆಗೆದುಹಾಕು. ಅಂಥ ಹುಡುಗರು ಇರಬಹುದು. ಆದರೆ ಅವರು ನಕ್ಕ ಕೂಡಲೇ ಓದುಗ ಅಪ್ಪನನ್ನು ಬಿಟ್ಟು ಆ ಹುಡುಗರ ಮೇಲೆ ಸಿಟ್ಟಾಗುತ್ತಾನೆ. ಕಣ್ಣೀರು ಆರಿಹೋಗುತ್ತದೆ.

ಅದೇ ಕಾರಣಕ್ಕೆ ನಿನ್ನ ಸಾಹುಕಾರನ ಪಾತ್ರವೂ ನನಗೆ ಒಪ್ಪಿಗೆಯಾಗಲಿಲ್ಲ. ಅವನನ್ನು ಅಷ್ಟು ಕೆಟ್ಟವನನ್ನಾಗಿ ಮಾಡಬೇಕಿತ್ತಾ? ನೀನು ಕೋಟೆಯ ಬುಡದಲ್ಲೇ ಇರುವವನು. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅಲ್ಲೇ ‘ನಾಗರಹಾವು’ ತೆಗೆದರು. ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರನ್ನು ಒಮ್ಮೆ ನೆನೆಸಿಕೋ. ರಾಮಾಚಾರಿಯನ್ನು ಹೊಟ್ಟೆಯ ಮಗನ ಹಾಗೆ ಪ್ರೀತಿಸುವವರು. ಶಿಷ್ಯನ ಒಳ್ಳೆಯದಕ್ಕೇ ಅಂತ ನಂಬಿ, ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡಲು ಅವನನ್ನು ಒಪ್ಪಿಸುತ್ತಾರೆ. ಮೇಷ್ಟ್ರ ಮಾತಿಗೆ ಅವನು ಇಲ್ಲ ಅನ್ನಲಾರ. ಅಲ್ಲಿಂದಲೇ ಎಲ್ಲ ಹಾಳಾಗುತ್ತಾ ಹೋಗುತ್ತದೆ. ಬೆಟ್ಟದ ಮೇಲೆ ಕೊನೆಗೆ ಮೇಷ್ಟ್ರೂ ಉಳಿಯುವುದಿಲ್ಲ, ಶಿಷ್ಯನೂ ಉಳಿಯುವುದಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುತ್ತೀಯ? ಮಕ್ಕಳ ಒಳ್ಳೆಯದಕ್ಕೆ ಅಂತ ಏನೋ ನಿರ್ಧಾರ ಮಾಡಿ, ಆಮೇಲೆ ರಾತ್ರಿ ನಿದ್ದೆ ಬಾರದೆ ಹೊರಳಾಡಿದ ಅಪ್ಪಂದಿರು ದುರ್ಗದಲ್ಲೂ ಇದ್ದಾರೆ, ದಾವಣಗೆರೆಯಲ್ಲೂ ಇದ್ದಾರೆ. ಮೇಷ್ಟ್ರಿಗಾಗಿ ಅವರು ಅಳುವಾಗ ತಮ್ಮ ಲೆಕ್ಕವೂ ಅದರಲ್ಲಿ ಸೇರಿರುತ್ತದೆ.

ಅದೇ ವರ್ಷ ಬಂದ ‘ಬಂಗಾರದ ಮನುಷ್ಯ’ದ ಕೊನೆಯೂ ಹೀಗೇ. ಮನೆ ಕಟ್ಟಿ ಬೆಳೆಸಿದವನು ಊಟಕ್ಕೆ ಕೂತಾಗ ಅಳಿಯನ ಒಂದು ಮಾತಿಗೆ ಎದ್ದು ನಡೆದುಬಿಡುತ್ತಾನೆ. ಉಣ್ಣುತ್ತಿದ್ದವನು ಅರ್ಧಕ್ಕೆ ಏಳುವುದು ಎಂಥ ಸಂಕಟ ಅಂತ ನಮ್ಮ ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ಹೇಳಬೇಕು. 2022ರ ಅಕ್ಟೋಬರ್‌ನಲ್ಲಿ ಪುನೀತ್ ಅವರ ‘ಗಂಧದ ಗುಡಿ’ ಬಂತು. ಅವರು ಹೋಗಿ ಆಗ ಒಂದು ವರ್ಷವಾಗಿತ್ತು. ಅದರಲ್ಲಿ ಅವರು ಪಾತ್ರ ಮಾಡಿಲ್ಲ, ತಾವಾಗಿಯೇ ಕಾಡು ಸುತ್ತುತ್ತಾರೆ, ಮಾತಾಡುತ್ತಾರೆ, ನಗುತ್ತಾರೆ. ನನ್ನ ಪಕ್ಕದಲ್ಲಿ ಖಾಕಿ ಅಂಗಿ ಹಾಕಿದ ಆಟೋದವರೊಬ್ಬರು ಕೂತಿದ್ದರು. ಪುನೀತ್ ನಕ್ಕಾಗಲೆಲ್ಲ ಅವರು ಟವೆಲ್ ಮುಖಕ್ಕೆ ಒತ್ತಿಕೊಳ್ಳುತ್ತಿದ್ದರು. ನಕ್ಕಾಗ, ಗಮನಿಸಿದೆಯಾ? ನನಗೂ ತಡೆಯಲಾಗಲಿಲ್ಲ. ಅವರು ಏನೂ ಮಾತಾಡದೆ ಟವೆಲ್ಲಿನ ಇನ್ನೊಂದು ತುದಿಯನ್ನು ನನ್ನ ಕಡೆ ಸರಿಸಿದರು. ನಾನು ತೆಗೆದುಕೊಂಡೆ. ಇಂಟರ್ವಲ್‌ನಲ್ಲೂ ನಾವು ಪರಿಚಯ ಮಾಡಿಕೊಳ್ಳಲಿಲ್ಲ.

ಇಂಥದ್ದು ಸುಮ್ನೆ ಕೂತು ಯೋಚಿಸಿದರೆ ಹೊಳೆಯುವುದಿಲ್ಲ. ಯಾವುದಾದರೂ ಸಿನಿಮಾಕ್ಕೆ ಹೋದಾಗ ಕೊನೆಯ ಹತ್ತು ನಿಮಿಷ ಜನರ ಕೈಗಳನ್ನು ನೋಡು, ಮುಖ ಬೇಡ. ಕನ್ನಡಕ ತೆಗೆದು ಒರೆಸುವ ಕೈ, ಮಲಗಿರುವ ಮಗುವನ್ನು ಸುಮ್ಮಸುಮ್ಮನೆ ತಟ್ಟುವ ಕೈ, ಫೋನ್ ತೆಗೆದು ಮತ್ತೆ ಜೇಬಿಗಿಡುವ ಕೈ. ನೋಡಿದ್ದನ್ನು ಕದ್ದು ಫೋಟೋ ತೆಗೆಯಬೇಡ. ಮನೆಗೆ ಬಂದು ಬರೆದಿಟ್ಟುಕೋ.

ಆಮೇಲೆ ಆ ಒಂದೂವರೆ ಪುಟವನ್ನು ಎರಡು ಸಾಲಿಗೆ ಇಳಿಸು. ‘ಅಳು’ ಅನ್ನುವ ಪದವೇ ಬೇಡ. ಸಿನಿಮಾ ಮುಗಿದ ಕೂಡಲೇ ಕಥೆಯನ್ನೂ ಮುಗಿಸಿದ್ದೀಯ, ಅಲ್ಲಿಂದ ಇನ್ನೂ ಸ್ವಲ್ಪ ದೂರ ಅವರಿಬ್ಬರ ಹಿಂದೆ ನಡೆದು ಹೋಗು. ಥಿಯೇಟರಿನಿಂದ ಹೊರಗೆ ಬಂದಮೇಲೆ ಆ ಅಪ್ಪ ಮಗನಿಗೆ ಏನು ಹೇಳಿದ, ಏನು ಕೊಡಿಸಿದ? ಅದನ್ನು ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ,
ಅಣ್ಣ