ಪೋಷಕರಿಗೆ ಪತ್ರ: ಗೇಟಿನಲ್ಲಿ ತಡೆದ ಬಾಟಲಿಗಳು ಮತ್ತು ಪರೀಕ್ಷಾ ದಿನಗಳ ಊಟ

ಪ್ರಿಯ ಪೋಷಕರೇ,

ನಮಸ್ಕಾರ.

ಪೂರ್ವಸಿದ್ಧತಾ ಪರೀಕ್ಷೆಯ ಎರಡನೇ ದಿನ ಬೆಳಿಗ್ಗೆ ಗೇಟಿನಲ್ಲಿ ಮಕ್ಕಳ ಚೀಲದಿಂದ ಕಷಾಯದ ಬಾಟಲಿ, ಚೂರ್ಣದ ಪೊಟ್ಟಣ, ಗಿಡಮೂಲಿಕೆ ಗುಳಿಗೆ ಇವನ್ನೆಲ್ಲ ತೆಗೆಸಿ ಕಚೇರಿಯಲ್ಲಿ ಇಟ್ಟುಕೊಂಡೆವು. ಅಂದಿನಿಂದ ಕಚೇರಿಯ ಫೋನಿಗೆ ಬಿಡುವಿಲ್ಲ. "ಮಾತ್ರೆ ಕೊಟ್ಟು ಕಳಿಸಿದ್ದರೆ ತಡೆಯಿರಿ, ಬೇರು-ಎಲೆಯಲ್ಲಿ ಏನು ವಿಷ ಇದೆ?" ಎಂದು ಒಬ್ಬರು ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ಆ ಪ್ರಶ್ನೆ ನಿಮ್ಮಲ್ಲಿ ಬಹಳ ಜನರದ್ದು. ಒಬ್ಬೊಬ್ಬರಿಗೆ ಉತ್ತರಿಸುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಹಿಂದಿನ ದಿನವೇ ಸುತ್ತೋಲೆ ಕಳಿಸಬೇಕಿತ್ತು, ಕಳಿಸಲಿಲ್ಲ. ಪರೀಕ್ಷೆಗೆ ಇನ್ನು ಹತ್ತು ನಿಮಿಷ ಇರುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚೀಲ ಬಿಚ್ಚಿಸಿದ್ದರಿಂದ ಕೆಲವರು ಗಾಬರಿಯಾದರು. ಕ್ಷಮೆ ಇರಲಿ. ನಿಯಮ ಮಾತ್ರ ವಾರ್ಷಿಕ ಪರೀಕ್ಷೆಯಲ್ಲೂ ಹಾಗೆಯೇ ಇರುತ್ತದೆ: ಪರೀಕ್ಷಾ ಕೊಠಡಿಗೆ ಬರಿಯ ನೀರು, ಅದೂ ಲೇಬಲ್ ಕಿತ್ತ ಪಾರದರ್ಶಕ ಬಾಟಲಿಯಲ್ಲಿ.

ಈ ನಿಯಮ ಸುಮ್ಮನೆ ಬಂದದ್ದಲ್ಲ. ಮೊದಲ ದಿನ ಒಂದು ಮಗು ತಂದಿದ್ದ ಬಾಟಲಿಯಲ್ಲಿ ಕಂದು ಬಣ್ಣದ ದ್ರವ ಇತ್ತು. ತಳದಲ್ಲಿ ಬೆರಳಗಲ ಗಸಿ, ಮೇಲೆ ಯಾವ ಚೀಟಿಯೂ ಇಲ್ಲ. ಅರ್ಧ ತಾನು ಕುಡಿದು ಉಳಿದದ್ದನ್ನು ಸ್ನೇಹಿತನಿಗೆ ಕೊಟ್ಟಿತು. ಒಬ್ಬ ಅರ್ಧ ಗಂಟೆಯಲ್ಲಿ ವಾಂತಿ ಮಾಡಿಕೊಂಡ, ಇನ್ನೊಬ್ಬ ಉತ್ತರ ಪತ್ರಿಕೆಯ ಮೇಲೆ ತಲೆಯಿಟ್ಟು ಮಲಗಿದ. ಇಬ್ಬರೂ ಸಂಜೆಗೆ ಸರಿಹೋದರು. "ಕುಡಿದದ್ದು ಏನು, ಎಷ್ಟು?" ಎಂದು ವೈದ್ಯರು ಕೇಳಿದಾಗ ನಮ್ಮಲ್ಲಿ ಉತ್ತರ ಇರಲಿಲ್ಲ. ಗಸಿಯ ಮಾತು ಸಣ್ಣದಲ್ಲ. ಕಷಾಯದ ಸತ್ವದ ಒಂದು ಪಾಲು ತಳದಲ್ಲಿ ಕೂತಿರಬಹುದು, ಅಲುಗಾಡಿಸದೆ ಕುಡಿದವನಿಗೆ ತಿಳಿಯಾದದ್ದು, ಕೊನೆಗೆ ಕುಡಿದವನಿಗೆ ಹೆಚ್ಚು ಮದ್ದು.

ಮನೆಮದ್ದು ಎಂದರೆ ನನಗೆ ತಾತ್ಸಾರ ಇಲ್ಲ. ನಿಮ್ಮ ಮಗುವಿಗೆ ಯಾವುದು ಒಗ್ಗುತ್ತದೆ ಎಂಬುದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ಕೆಲಸ ಮಾಡುವ ಮದ್ದು ಯಾವುದಾದರೂ ದೇಹದಲ್ಲಿ ಏನಾದರೂ ಬದಲು ಮಾಡಿಯೇ ಕೆಲಸ ಮಾಡುತ್ತದೆ. ಏನೂ ಮಾಡದ್ದಾದರೆ ಕೊಡುವುದೇ ದಂಡ.

ಅತಿ ಹೆಚ್ಚು ಬಾಟಲಿಗಳಲ್ಲಿ ಇದ್ದದ್ದು ಬ್ರಾಹ್ಮಿಯಂತೆ. ಯಾವ ಬ್ರಾಹ್ಮಿ? ಕೆಲವರು ಒಂದೆಲಗವನ್ನು ಹಾಗೆ ಕರೆಯುತ್ತಾರೆ, ಕೆಲವರು ನೀರುಬ್ರಾಹ್ಮಿಯನ್ನು. ಎರಡೂ ಬೇರೆ ಬೇರೆ ಗಿಡ. ನೆನಪಿನ ಶಕ್ತಿಯ ಮೇಲೆ ಹೆಚ್ಚು ಪರೀಕ್ಷೆಗೆ ಒಳಗಾದದ್ದು ನೀರುಬ್ರಾಹ್ಮಿ. ಆ ಪ್ರಯೋಗಗಳಲ್ಲಿ ಹೆಚ್ಚಿನವು ದೊಡ್ಡವರ ಮೇಲೆ ನಡೆದವು: ದಿನಕ್ಕೆ ಸುಮಾರು 300 ಮಿಲಿಗ್ರಾಂ ಸಾರ, ಒಟ್ಟು 12 ವಾರದ ಆಸುಪಾಸು. ಲಾಭ ಕಂಡಿದ್ದರೂ ಅದು ವಾರಗಟ್ಟಲೆ ತೆಗೆದುಕೊಂಡ ಮೇಲೆ. ಹೊಟ್ಟೆ ತೊಳಸು, ಭೇದಿ, ಹೊಟ್ಟೆ ಹಿಡಿತ ಮಾತ್ರ ಮೊದಲ ದಿನಗಳಲ್ಲೇ ಬರಬಹುದು. ಪರೀಕ್ಷೆಯ ವಾರದಲ್ಲಿ ಶುರು ಮಾಡಿದರೆ ಮಗುವಿನ ಪಾಲಿಗೆ ಸಿಗುವುದು ಈ ಎರಡನೆಯ ಭಾಗ ಮಾತ್ರ.

ಅಶ್ವಗಂಧ ಕೆಲವರಿಗೆ ತೂಕಡಿಕೆ, ಹೊಟ್ಟೆ ಕೆಡುವುದು ತರುತ್ತದೆ. ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಗಿಂಕ್ಗೊ ಎಂಬ ಮರದ ಎಲೆಯ ಸಾರದ ಗುಳಿಗೆ ತೆಗೆದುಕೊಳ್ಳುವ ಮಗುವಿಗೆ ತಲೆನೋವೆಂದು ಐಬುಪ್ರೊಫೆನ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಗಂಟಲಿಗೆಂದು ಅತಿಮಧುರವನ್ನು ದಿನವೂ ಹೆಚ್ಚಾಗಿ ಅಗಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಇನ್ನು ನಿದ್ದೆಗೆಂದು ಹಾಲಿಗೆ ಹಾಕುವ ಜಾಯಿಕಾಯಿ. ಚಿಟಿಕೆಯಷ್ಟಾದರೆ ತೊಂದರೆ ಇಲ್ಲ. ಚಿಟಿಕೆಗೆ ನಿದ್ದೆ ಬರಲಿಲ್ಲವೆಂದು ಚಮಚ ಹಿಡಿಯುವುದೇ ಎಡವಟ್ಟು: ಸುಮಾರು 5 ಗ್ರಾಂ, ಅಂದರೆ ಎರಡು ಟೀ ಚಮಚದ ಹತ್ತಿರ ಹೋದರೆ ಎದೆ ಬಡಿತ, ಬಾಯಿ ಒಣಗುವುದು, ಮಂಕು, ಭ್ರಮೆ. ಅದೂ ಕುಡಿದ ತಕ್ಷಣವಲ್ಲ, 3ರಿಂದ 6 ಗಂಟೆ ತಡವಾಗಿ ಶುರುವಾಗಿ ಮರುದಿನಕ್ಕೂ ಎಳೆಯುತ್ತದೆ. ರಾತ್ರಿ ಹನ್ನೊಂದಕ್ಕೆ ಕುಡಿಸಿದ ಹಾಲಿನ ಲೆಕ್ಕ ನೀವೇ ಹಾಕಿ.

ಕುಡಿಯುವುದಲ್ಲ, ಹಚ್ಚುವುದು ತಾನೇ ಎಂದು ಕೆಲವರು ಬಾಮ್, ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿ ಕಳಿಸಿದ್ದೀರಿ. ಹಣೆಗೆ ಹಚ್ಚಿದ ಬೆರಳು ಕಣ್ಣಿಗೆ ಹೋಗಲು ಐದು ನಿಮಿಷ ಸಾಕು, ಆಮೇಲೆ ಪ್ರಶ್ನೆಪತ್ರಿಕೆ ಕಾಣುವುದಿಲ್ಲ. ಪಕ್ಕದ ಬೆಂಚಿನಲ್ಲಿ ಆಸ್ತಮಾ ಇರುವ ಮಗು ಕೂತಿದ್ದರೆ ಆ ಘಾಟಿಗೆ ಅದರ ಉಸಿರು ಕಟ್ಟಬಹುದು. ನಾವು ತಡೆಯುವುದು ನಿಮ್ಮ ಮಗುವಿನ ಸಲುವಾಗಿ ಎಷ್ಟೋ, ಪಕ್ಕದ ಮಗುವಿನ ಸಲುವಾಗಿಯೂ ಅಷ್ಟೇ. ಕಡಲೆಕಾಯಿ, ಬಾದಾಮಿಯ ಪುಡಿ ಬೆರೆತ ಡಬ್ಬಿಯನ್ನೂ ಇದೇ ಕಾರಣಕ್ಕೆ ನಿಲ್ಲಿಸಿದ್ದು. ಅಲರ್ಜಿ ಇರುವ ಮಗು ಒಂದು ಚಮಚ ಹಂಚಿಕೊಂಡರೆ ಸಾಕು.

ಎನರ್ಜಿ ಡ್ರಿಂಕ್ ಬಗ್ಗೆಯೂ ಒಂದು ಮಾತು. "ಅದರಲ್ಲಿ ಇರುವುದು ಗ್ವಾರಾನಾ, ಅದು ಕಾಯಿ" ಎಂದರು ಒಬ್ಬರು. ಕಾಯಿ ನಿಜ, ಒಳಗಿರುವುದು ಕೆಫೀನ್. ಮಕ್ಕಳಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 3 ಮಿಲಿಗ್ರಾಂ ಕೆಫೀನ್ ಮೀರಬಾರದು ಎಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಕೊಟ್ಟ ಲೆಕ್ಕ. 40 ಕಿಲೋದ ಮಗುವಿಗೆ 120 ಮಿಲಿಗ್ರಾಂ. 250 ಮಿಲಿಲೀಟರಿನ ಒಂದು ಸಾಮಾನ್ಯ ಕ್ಯಾನಿನಲ್ಲೇ ಸುಮಾರು 80 ಹೋಯಿತು, ಜೊತೆಗೆ ಆರು ಚಮಚದಷ್ಟು ಸಕ್ಕರೆ. ಮೇಲೊಂದು ಲೋಟ ಗಟ್ಟಿ ಕಾಫಿ ಕುಡಿದರೆ ಮಿತಿ ದಾಟಿತು. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರ ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರುವುದೂ ಆ ನಿದ್ದೆಯಲ್ಲೇ.

ವೈದ್ಯರು ಬರೆದುಕೊಟ್ಟ ಔಷಧಿಗೆ ಈ ತಡೆ ಇಲ್ಲ. ಇನ್ಹೇಲರ್ ಮಗುವಿನ ಜೇಬಿನಲ್ಲೇ ಇರಲಿ. ಇನ್ಸುಲಿನ್, ಗ್ಲೂಕೋಸ್ ಮಾತ್ರೆ, ಮೂರ್ಛೆ ರೋಗದ ಮಾತ್ರೆ, ಅಲರ್ಜಿಯ ಚುಚ್ಚುಮದ್ದು ಇರುವವರು ಮೂಲ ಡಬ್ಬಿ ಮತ್ತು ಚೀಟಿ ಸಮೇತ ಕಚೇರಿಯಲ್ಲಿ ಮೊದಲೇ ತಿಳಿಸಿದರೆ, ಆ ಕೊಠಡಿಯ ಮೇಲ್ವಿಚಾರಕರಿಗೆ ಹೇಳಿ ಕೈಗೆಟುಕುವಂತೆ ಇಡಿಸುತ್ತೇವೆ. ಇಂಥ ಮಾತ್ರೆ ನುಂಗುವ ಮಕ್ಕಳಿಗೆ ಗಿಡಮೂಲಿಕೆ ಕೊಡುವ ಮುಂಚೆ ಅವರ ವೈದ್ಯರನ್ನು ದಯವಿಟ್ಟು ಕೇಳಿ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯಂಥವು ಬೇರೆ ಕೆಲವು ಔಷಧಿಗಳನ್ನು ದೇಹದಿಂದ ಬೇಗ ಹೊರಗೆ ಹಾಕಿಬಿಡುತ್ತವೆ.

ಹಾಗಾದರೆ ಏನು ಕೊಡಬೇಕು ಎಂದು ಕೇಳುತ್ತೀರಿ. ಬೆಳಗಿನ ತಿಂಡಿ ಕೊಡಿ. ನಮ್ಮ ಮಕ್ಕಳಲ್ಲಿ ಪರೀಕ್ಷೆಯ ದಿನ ಬರಿಹೊಟ್ಟೆಯಲ್ಲಿ ಬರುವವರು ಕಡಿಮೆಯಿಲ್ಲ, ಆದರೆ ಅದೇ ಮಕ್ಕಳ ಚೀಲದಲ್ಲಿ ಬುದ್ಧಿ ಚುರುಕು ಮಾಡುವ ಗುಳಿಗೆ ಇರುತ್ತದೆ! ಮಿದುಳು ದೇಹದ ಒಟ್ಟು ಶಕ್ತಿಯ ಐದರಲ್ಲಿ ಒಂದು ಪಾಲನ್ನು ತಾನೇ ತಿನ್ನುತ್ತದೆ. ಹತ್ತು ಗಂಟೆಗೆ ಪರೀಕ್ಷೆ ಇದ್ದರೆ ಎಂಟರ ಹೊತ್ತಿಗೆ ತಿಂಡಿ ಮುಗಿಯಲಿ. ತಟ್ಟೆಯಲ್ಲಿ ಧಾನ್ಯ ಒಂದು ಪಾಲು, ಜೊತೆಗೆ 10-15 ಗ್ರಾಂ ಪ್ರೋಟೀನ್ ಸಿಗುವಂಥದ್ದು ಇರಲಿ: ಎರಡು ಮೊಟ್ಟೆಯಲ್ಲಿ 12 ಗ್ರಾಂ, ಒಂದು ಲೋಟ ಹಾಲಿನಲ್ಲಿ 6-7, ಒಂದು ಬಟ್ಟಲು ಬೆಂದ ಬೇಳೆಯಲ್ಲಿ 8-9. ಒಂದು ಬಾಳೆಹಣ್ಣು. ಬರಿ ಸಿಹಿ ತಿಂದರೆ, ಗ್ಲೂಕೋಸ್ ಪುಡಿ ಕಲಸಿ ಕುಡಿದರೆ, ಸಕ್ಕರೆ ಬೇಗ ಏರಿ ಬೇಗ ಇಳಿದು ಪರೀಕ್ಷೆಯ ನಡುವೆಯೇ ಹಸಿವು ಕಾಡುತ್ತದೆ. ಕರಿದದ್ದು ಹೊಟ್ಟೆಯಲ್ಲಿ ಬಹಳ ಹೊತ್ತು ಕೂತು ತೂಕಡಿಕೆ ತರುತ್ತದೆ.

ಭಯಕ್ಕೆ ತುತ್ತು ಇಳಿಯದ ಮಕ್ಕಳಿದ್ದಾರೆ. ಅವರನ್ನು ಬಲವಂತ ಮಾಡಿದರೆ ಗೇಟಿನ ಹತ್ತಿರ ವಾಂತಿಯಾಗುತ್ತದೆ. ಏಳೂವರೆಗೆ ಅರ್ಧ ಬಾಳೆಹಣ್ಣು, ಎಂಟೂಕಾಲಿಗೆ ಅರ್ಧ ಬಟ್ಟಲು ಮೊಸರು, ಒಂಬತ್ತಕ್ಕೆ ಉಳಿದರ್ಧ ಹಣ್ಣು ಎಂದು ಹಂಚಿ ಕೊಡಿ. ಹೊಟ್ಟೆ ತೊಳಸುವವರಿಗೆ ಶುಂಠಿ ನಿಜವಾಗಿ ಕೆಲಸ ಮಾಡುತ್ತದೆ: ಬೆರಳಗಲದ ತುಂಡನ್ನು ತೆಳ್ಳಗೆ ಹೆಚ್ಚಿ ಒಂದು ಲೋಟ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿ, ಬೆಚ್ಚಗೆ ಗುಟುಕು ಗುಟುಕಾಗಿ. ಖಾರ ಹೆಚ್ಚಾದರೆ ಎದೆಯುರಿ, ಹಾಗಾಗಿ ತುಂಡು ದೊಡ್ಡದು ಬೇಡ. ರಾತ್ರಿ ಕೆಮ್ಮಿಗೆ ಮಲಗುವ ಮುಂಚೆ ಒಂದು ಟೀ ಚಮಚ ಜೇನುತುಪ್ಪ ಕೊಡಬಹುದು, ಮನೆಯಲ್ಲಿ ಒಂದು ವರ್ಷ ತುಂಬದ ಕೂಸಿದ್ದರೆ ಅದಕ್ಕೆ ಮಾತ್ರ ನೆಕ್ಕಿಸಬೇಡಿ. ಗಂಟಲು ನೋವಿಗೆ ಲೋಟ ಬಿಸಿನೀರಿಗೆ ಅರ್ಧ ಟೀ ಚಮಚ ಉಪ್ಪು, ಮುಕ್ಕಳಿಸಿ ಉಗುಳುವುದು. ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕೈ ಜಾರಿದರೆ ಚೆಲ್ಲಿ ಮತ್ತೆ ಮಾಡಿ, ನೀರು ಸೇರಿಸಿ ಸರಿ ಮಾಡಲು ಹೋಗಬೇಡಿ. ಇವೆಲ್ಲ ಮನೆಯಲ್ಲಿ, ನಿಮ್ಮ ಕಣ್ಣೆದುರು.

ಊಟದ ಜೊತೆಗೇ ಚಹಾ, ಕಾಫಿ ಬೇಡ, ಒಂದು ಗಂಟೆಯ ಅಂತರ ಇರಲಿ. ಅವು ಸೊಪ್ಪು-ಕಾಳಿನ ಕಬ್ಬಿಣವನ್ನು ಅಷ್ಟಾಗಿ ಮೈಗೆ ಹತ್ತಗೊಡುವುದಿಲ್ಲ. ಅದೇ ಸೊಪ್ಪಿಗೆ ನಿಂಬೆ ಹಿಂಡಿದರೆ ಹೆಚ್ಚು ಹತ್ತುತ್ತದೆ. ರಕ್ತಹೀನತೆ ಇದೆ ಎಂದು ಈಗ ಗೊತ್ತಾದರೂ ನೀವಾಗಿಯೇ ಕಬ್ಬಿಣದ ಮಾತ್ರೆ ಶುರು ಮಾಡಬೇಡಿ. ರಕ್ತ ತುಂಬಲು ತಿಂಗಳುಗಳು ಬೇಕು, ಮಲಬದ್ಧತೆಗೆ ನಾಲ್ಕು ದಿನ ಸಾಕು. ರಾತ್ರಿಯೆಲ್ಲ ಹೊರಗಿಟ್ಟ ಅನ್ನವನ್ನು ಬೆಳಿಗ್ಗೆ ಬಿಸಿ ಮಾಡಿ ಕಟ್ಟಬೇಡಿ. ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಂತಿ ತರುತ್ತದೆ. ಬೇಯಿಸಿದ್ದು ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ.

ನೀರು ಎದ್ದ ಕೂಡಲೇ ಒಂದು ಲೋಟ, ತಿಂಡಿಯ ಜೊತೆ ಒಂದು ಲೋಟ, ಆಮೇಲೆ ಗುಟುಕು. ಗೇಟಿನಲ್ಲಿ ನಿಂತು ಒಂದು ಬಾಟಲಿ ಗಟಗಟ ಕುಡಿದವರು ಮೊದಲ ಅರ್ಧ ಗಂಟೆಯಲ್ಲೇ ಕೈ ಎತ್ತುತ್ತಾರೆ.

ಇಷ್ಟೆಲ್ಲ ಬರೆದ ಮೇಲೂ ಕೆಲವರಿಗೆ ಬೇಸರ ಉಳಿಯಬಹುದು. ಮೂರು ತಿಂಗಳಿಂದ ಕೊಡುತ್ತಾ ಬಂದಿದ್ದೇವೆ, ಒಗ್ಗಿದೆ ಎನ್ನುವವರು ಮನೆಯಲ್ಲಿ ಮುಂದುವರಿಸಿ, ಅದರಲ್ಲಿ ನಾವು ತಲೆ ಹಾಕುವುದಿಲ್ಲ. ಬೆಳಗಿನ ಪಾಲನ್ನು ಮನೆಯಲ್ಲೇ ಮುಗಿಸಿ ಬಂದರೆ ನಮ್ಮ ತಕರಾರಿಲ್ಲ. ಕೊಠಡಿಯೊಳಗೆ ಮಾತ್ರ ಬರಿಯ ನೀರು. ಎಷ್ಟು ಒಳ್ಳೆಯ ಮದ್ದಾದರೂ, ಯಾರ ಮನೆಯದಾದರೂ, ನನ್ನ ಸಹೋದ್ಯೋಗಿಗಳ ಮಕ್ಕಳದಾದರೂ ಇದೇ.

ನಿಮ್ಮಿಂದ ಬೇಕಾದದ್ದು ಇಷ್ಟೇ: ಪರೀಕ್ಷೆ ಮುಗಿಯುವವರೆಗೆ ಹೊಸ ಮದ್ದು ಯಾವುದನ್ನೂ ಶುರು ಮಾಡದೆ, ಕೆಳಗಿನ ಚೀಟಿಗೆ ಸಹಿ ಹಾಕಿ ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ

ಮರೆತ ಮಾತು: ಅಂದು ತೆಗೆದಿಟ್ಟ ಬಾಟಲಿಗಳಲ್ಲಿ ಏಳು ಇನ್ನೂ ಕಚೇರಿಯ ಕಪಾಟಿನಲ್ಲಿವೆ. ಎರಡು ಹುಳಿ ಬಂದು ಮುಚ್ಚಳ ಉಬ್ಬಿವೆ, ಅವನ್ನು ಚೆಲ್ಲಿ ಬಾಟಲಿ ತೊಳೆಸಿಟ್ಟಿದ್ದೇವೆ. ಸಂಜೆ ನಾಲ್ಕರ ನಂತರ ಬಂದು ನಿಮ್ಮದನ್ನು ಗುರುತಿಸಿ ಒಯ್ಯಿರಿ. ಯಾವುದರ ಮೇಲೂ ಹೆಸರಿಲ್ಲ.

ಚೀಟಿ
ನಾನು ಪತ್ರ ಓದಿದ್ದೇನೆ. ನನ್ನ ಮಗು ಕೊಠಡಿಗೆ ನೀರನ್ನು ಮಾತ್ರ ತರುತ್ತದೆ. ವೈದ್ಯರು ಬರೆದ ಔಷಧಿ: ಇದೆ / ಇಲ್ಲ. ಇದ್ದರೆ ಯಾವುದು: ............
ಆಹಾರದ ಅಲರ್ಜಿ: ............
ವಿದ್ಯಾರ್ಥಿಯ ಹೆಸರು, ತರಗತಿ: ............
ಪೋಷಕರ ಸಹಿ: ............